ಡಬ್ಲಿನ್‌ನ ಮೆಥಡೋನ್ ಕೌಂಟರಿನಲ್ಲಿ ಕಲಿತದ್ದು

ಡಬ್ಲಿನ್ ನಗರದ ಉತ್ತರ ಭಾಗದ ಒಂದು ಹಳೆಯ ಬಡ ಕೇರಿಯ ಔಷಧದಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಹೆರಾಯಿನ್ ಬಿಟ್ಟವರಿಗೆ, ಬಿಡಲು ಹೊರಟವರಿಗೆ ಮೆಥಡೋನ್ ಎಂಬ ಬದಲಿ ಔಷಧ ಅಳೆದು ಕೊಡುವುದು ನನ್ನ ದಿನದ ದೊಡ್ಡ ಪಾಲು. ಬಂದರಿನ ಕೆಲಸಗಳು ಕರಗಿಹೋದ ಕಾಲಕ್ಕೇ, 1970ರ ದಶಕದ ಕೊನೆಗೆ, ಇಲ್ಲಿನ ಸರ್ಕಾರಿ ವಸತಿಗಳಿಗೆ ಹೆರಾಯಿನ್ ನುಗ್ಗಿತು. 1980ರ ದಶಕದ ಆರಂಭದಲ್ಲಿ ಡಾ. ಜಾನ್ ಬ್ರಾಡ್‌ಶಾ ಇಲ್ಲಿ ಸಮೀಕ್ಷೆ ಮಾಡಿದಾಗ ಒಂದು ಪ್ರದೇಶದ 15ರಿಂದ 24 ವಯಸ್ಸಿನವರಲ್ಲಿ ಹತ್ತಕ್ಕೊಬ್ಬರು ಅದನ್ನು ಬಳಸುತ್ತಿದ್ದರು. ಮೆಥಡೋನ್ ಇವರ ಜೀವ ಉಳಿಸಿದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಉಳಿದ ಜೀವ ಹೇಗೆ ಬಾಳುತ್ತಿದೆ ಎಂದು ಕೇಳುವವರು ಮಾತ್ರ ಕಡಿಮೆ.

1. ಡೋಸ್ ಸಾಲದಿದ್ದರೆ ಬೇರೆ ಯಾವ ಮಾತೂ ತಲೆಗೆ ಹೋಗುವುದಿಲ್ಲ.

ಹೆಚ್ಚಿನವರಿಗೆ ದಿನಕ್ಕೆ 60ರಿಂದ 120 ಮಿಲಿಗ್ರಾಂ ಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಲ್ಲಿ ದಿನ ದೂಡುವವರಿಗೆ ಬೆಳಗಿನ ಜಾವವೇ ಮೈಕೈ ನೋವು, ಬೆವರು, ಮೂಗು ಸೋರುವುದು ಶುರುವಾಗುತ್ತದೆ. ‘ಕಡಿಮೆ ತಗೊಂಡರೆ ಬೇಗ ಬಿಡಬಹುದು’ ಎಂದು ಅವರೇ ನಂಬಿರುತ್ತಾರೆ, ಮನೆಯವರೂ ಅದನ್ನೇ ಹೇಳಿರುತ್ತಾರೆ. ರಾತ್ರಿಯಿಡೀ ಕಣ್ಣು ಮುಚ್ಚದವರಿಗೆ ಕೆಲಸ ಹುಡುಕಿ, ಮಕ್ಕಳನ್ನು ಶಾಲೆಗೆ ಬಿಡಿ ಎಂದು ಹೇಳಿ ಏನು ಫಲ? ಬಂದವರನ್ನು ನಾನು ಮೊದಲು ಕೇಳುವುದು ನಿದ್ದೆಯ ವಿಷಯ. ‘ನಿದ್ದೆಯಿಲ್ಲ’ ಎಂಬ ಉತ್ತರ ಬದಲಾಗದಿದ್ದರೆ ಅವರನ್ನು ಕೇಳಿಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಆದರೆ ಡೋಸ್ ಏರಿಸುವುದು ನಿಧಾನವಾಗಿಯೇ ಆಗಬೇಕು. ಮೊದಲ ವಾರಗಳಲ್ಲಿ ಔಷಧ ದಿನದಿಂದ ದಿನಕ್ಕೆ ದೇಹದಲ್ಲಿ ಶೇಖರವಾಗುತ್ತ ಹೋಗುತ್ತದೆ; ಅವಸರಪಟ್ಟರೆ ಉಸಿರೇ ನಿಲ್ಲಬಹುದು.

2. ಅವರ ದಿನ ಯಾರ ಕೈಯಲ್ಲಿದೆ ಎಂದು ನೋಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಮೆಥಡೋನ್ ಕುರಿತ ಐರ್ಲೆಂಡಿನ 1998ರ ನಿಯಮಗಳು ಬಂದಮೇಲೆ ಪ್ರತಿ ರೋಗಿಯ ಹೆಸರೂ ಒಂದು ಕೇಂದ್ರ ಪಟ್ಟಿಯಲ್ಲಿರುತ್ತದೆ. ಅವರಿಗೆ ಒಂದು ಚಿಕಿತ್ಸಾ ಕಾರ್ಡು, ಒಬ್ಬ ಡಾಕ್ಟರು, ಒಂದೇ ಅಂಗಡಿ. ಎರಡು ಮೂರು ಕಡೆ ಔಷಧ ಪಡೆದು ಹೊರಗೆ ಮಾರುವುದಕ್ಕೆ ಇದರಿಂದ ಕಡಿವಾಣ ಬಿತ್ತು. ರೋಗಿ ಹಣವನ್ನೂ ಕೊಡಬೇಕಿಲ್ಲ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ದಿನವೂ ಬಂದು ನಮ್ಮ ಕಣ್ಣೆದುರೇ ಕುಡಿಯಬೇಕಾದವರ ಪಾಡು ನೋಡಿ. ಕಟ್ಟಡದ ಕೆಲಸ ಬೆಳಿಗ್ಗೆ ಏಳೂವರೆಗೆ ಶುರುವಾದರೆ ಅಂಗಡಿ ತೆರೆಯುವುದು ಒಂಬತ್ತಕ್ಕೆ. ದೂರದ ಕಾರ್ಕ್ ನಗರದಲ್ಲಿ ತಂಗಿಯ ಮದುವೆಯಿದ್ದರೆ, ಡಾಕ್ಟರ ಸಹಿ ಮೊದಲೇ ಆಗದಿದ್ದಲ್ಲಿ ಹೋಗುವಂತಿಲ್ಲ. ಸಾಲದ್ದಕ್ಕೆ ಅಂಗಡಿಯ ಹಾದಿಯಲ್ಲೇ ಹಳೆಯ ಸಹವಾಸದವರು, ನಿದ್ದೆಮಾತ್ರೆ ಮಾರುವವರು ನಿಂತಿರುತ್ತಾರೆ. ಬಡ ಕೇರಿಯಲ್ಲಿ ಚಿಕಿತ್ಸೆಯೂ ಮಾರಾಟವೂ ಒಂದೇ ಬೀದಿಯಲ್ಲಿ ನಡೆಯುತ್ತದೆ. ಹೆರಾಯಿನ್ ಇದ್ದಾಗ ದಿನವೆಲ್ಲ ಅದರ ಹಿಂದೆ ಓಡುತ್ತಿದ್ದವರು ಈಗ ನಮ್ಮ ಗಡಿಯಾರದ ಹಿಂದೆ ಓಡುತ್ತಾರೆ.

2020ರಲ್ಲಿ ಕೋವಿಡ್ ಬಂದಾಗ ಬಹಳ ಜನಕ್ಕೆ ಮನೆಗೆ ಒಯ್ಯುವ ಡೋಸ್ ಹೆಚ್ಚಿಸಿದರು. ಚಿಕಿತ್ಸೆ ಸೇರಲು ವಾರಗಟ್ಟಲೆ ಕಾಯುತ್ತಿದ್ದದ್ದು ಕೆಲವೇ ದಿನಗಳಿಗೆ ಇಳಿಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಆಗ ಎಲ್ಲರಿಗೂ ಕಂಡಿತು. ಸ್ಥಿರವಾಗಿರುವವರಿಗೆ ಮನೆಗೆ ಔಷಧ ಕೊಡುವುದನ್ನು ಒಳ್ಳೆಯ ನಡತೆಯ ಬಹುಮಾನದಂತೆ ನೋಡಬಾರದು. ಅದು ಅವರ ಬೆಳಗನ್ನು ಅವರಿಗೆ ಹಿಂದಿರುಗಿಸುವ ಕೆಲಸ. ಒಂದು ಷರತ್ತನ್ನು ಮಾತ್ರ ಸಡಿಲಿಸುವುದಿಲ್ಲ: ಮನೆಯಲ್ಲಿ ಬೀಗ ಹಾಕುವ ಪೆಟ್ಟಿಗೆ ಇರಲೇಬೇಕು. ಪುಟ್ಟ ಮಗು ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ.

ಭಾರತದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕೇಂದ್ರಗಳಲ್ಲಿ ಹೆಚ್ಚಾಗಿ ಕೊಡುವುದು ಬ್ಯುಪ್ರೆನಾರ್ಫಿನ್ ಮಾತ್ರೆ; ಅದನ್ನು ದಿನವೂ ಹೋಗಿ ನರ್ಸಿನ ಎದುರೇ ನಾಲಿಗೆಯಡಿ ಕರಗಿಸಿಕೊಳ್ಳುವುದು ಸಾಮಾನ್ಯ ಕ್ರಮ. ದಿನಗೂಲಿಯವರಿಗೆ ಹೀಗೆ ಹೋಗಿಬರುವ ಒಂದು ಗಂಟೆಯ ಬೆಲೆಯೇನು ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

3. ಕೌಂಟರಿನಲ್ಲಿ ಆಡುವ ಮಾತೂ ಚಿಕಿತ್ಸೆಯೇ.

ಇಲ್ಲಿಯವರು ಮೆಥಡೋನ್‌ಗೆ ‘ಫೈ’ ಅನ್ನುತ್ತಾರೆ. ‘ಯಾರದು ಫೈ?’ ಎಂದು ಅಂಗಡಿ ತುಂಬ ಕೇಳುವ ಹಾಗೆ ಕೂಗಬಾರದು. ಪಕ್ಕದಲ್ಲಿ ಅವರ ಮಗಳ ಟೀಚರ್ ನಿಂತಿರಬಹುದು. ಸರದಿ ಎಂದರೆ ಎಲ್ಲರಿಗೂ ಸರದಿ. ಕೆಮ್ಮಿನ ಸಿರಪ್ಪಿಗೆ ಬಂದವರನ್ನು ಮುಂದೆ ಬಿಟ್ಟು ಇವರನ್ನು ಗೋಡೆಗೆ ನಿಲ್ಲಿಸಿದರೆ ಅದು ಅವಮಾನ, ಅದನ್ನು ಅವರು ಮರೆಯುವುದಿಲ್ಲ. ಸತತ ಮೂರು ದಿನ ತಪ್ಪಿಸಿದವರಿಗೆ ಹಳೆಯ ಡೋಸ್ ಕೊಡುವಂತಿಲ್ಲ, ದೇಹ ತಡೆದುಕೊಳ್ಳುವ ಶಕ್ತಿ ಅಷ್ಟರಲ್ಲೇ ತಗ್ಗಿರುತ್ತದೆ. ಇದನ್ನು ‘ರೂಲ್ಸ್ ಇಲ್ಲ’ ಎಂದು ಹೇಳಿದರೆ ಜಗಳ. ಒಳಕೋಣೆಗೆ ಕರೆದು ‘ಇವತ್ತು ಇದನ್ನು ಕೊಟ್ಟರೆ ನೀವು ನಾಳೆ ಏಳದೇ ಹೋಗಬಹುದು, ಅದಕ್ಕೇ ಡಾಕ್ಟರಿಗೆ ಈಗಲೇ ಫೋನ್ ಮಾಡ್ತಿದ್ದೀನಿ’ ಎಂದರೆ ಮುಕ್ಕಾಲು ಪಾಲು ಜನ ಕೂತು ಕಾಯುತ್ತಾರೆ.

4. ಮಾದಕ ವಸ್ತು ಪತ್ತೆಯ ಮೂತ್ರದ ವರದಿಗಿಂತ ಬಾಡಿಗೆಯ ಸ್ಥಿತಿ ಹೆಚ್ಚು ಹೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟ ಅಳೆಯಲು 26 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ದೇಹ, ಮನಸ್ಸು, ಸಂಬಂಧಗಳು, ಪರಿಸರ ಎಂದು ಅದರಲ್ಲಿ ನಾಲ್ಕು ಭಾಗ. ಕೈಯಲ್ಲಿ ದುಡ್ಡಿದೆಯೇ, ವಾಸದ ಜಾಗ ಹೇಗಿದೆ, ಸುರಕ್ಷಿತ ಅನ್ನಿಸುತ್ತದೆಯೇ, ಬಿಡುವು ಸಿಗುತ್ತದೆಯೇ ಎಂಬುದೆಲ್ಲ ಪರಿಸರದ ಭಾಗದಲ್ಲಿ ಬರುತ್ತದೆ. ನಮ್ಮ ಕೇರಿಯವರಿಗೆ ಪೆಟ್ಟು ಬಿದ್ದಿರುವುದು ಅಲ್ಲೇ. ಮನೆಯಿಲ್ಲದವರ ಹಾಸ್ಟೆಲ್ಲಿನ ಕೋಣೆಯಲ್ಲಿ ಪಕ್ಕದ ಹಾಸಿಗೆಯವನು ಸೂಜಿ ಚುಚ್ಚಿಕೊಳ್ಳುತ್ತಿದ್ದರೆ ಯಾವ ಡೋಸ್ ತಾನೇ ಸಾಕಾದೀತು? ಮೆಥಡೋನ್ ಒಳಗಿನ ಹಸಿವನ್ನು ತಣಿಸುತ್ತದೆ, ಬಾಗಿಲಿಗೆ ಚಿಲಕ ಹಾಕಿಕೊಡುವುದಿಲ್ಲ. ಯಾರ ಬದುಕಾದರೂ ಕಣ್ಣಿಗೆ ಕಾಣುವಷ್ಟು ಸುಧಾರಿಸಿದೆ ಎಂದು ಅನ್ನಿಸಿದಾಗೆಲ್ಲ ಹಿಂದೆ ಹೋಗಿ ನೋಡಿದರೆ ಸ್ವಂತ ಬೀಗದ ಕೈ ಸಿಕ್ಕ ಸುದ್ದಿ ಇರುತ್ತದೆ. ಅದಕ್ಕೇ ಸ್ಥಳೀಯ ಆಡಳಿತದ ವಸತಿ ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳುವುದನ್ನು ನನ್ನ ಕೆಲಸವೆಂದೇ ತಿಳಿದಿದ್ದೇನೆ.

5. ಹಲ್ಲು.

ಮೆಥಡೋನ್‌ನಿಂದ ಬಾಯಿ ಒಣಗುತ್ತದೆ, ಒಣಗಿದ ಬಾಯಿಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ಸರ್ಕಾರದ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡ್ ಇದ್ದರೂ ಅದರ ಮೇಲೆ ನೋಡುವ ದಂತವೈದ್ಯರು ಸಿಗುವುದು ಕಷ್ಟ. ಮುಂದಿನ ಹಲ್ಲಿಲ್ಲದವರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ, ಕೆಲಸದ ಸಂದರ್ಶನಕ್ಕೆ ಹೋಗುವುದಿಲ್ಲ. ಡೋಸ್ ಆದಮೇಲೆ ಒಂದು ಲೋಟ ನೀರು ಕೊಡಿ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯಲು ಹೇಳಿ.

6. ಇವರಿಗೆ ವಯಸ್ಸಾಗುತ್ತಿದೆ.

ಬ್ರಾಡ್‌ಶಾ ಲೆಕ್ಕ ಹಾಕಿದ ಆ ಹುಡುಗ ಹುಡುಗಿಯರಲ್ಲಿ ಬದುಕುಳಿದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಹೊಗೆ ಸೇದಿ ಕೆಟ್ಟ ಶ್ವಾಸಕೋಶ, ಮಲಬದ್ಧತೆ, ಮಂಡಿನೋವು. ಹೃದಯದ ಲಯದ ಮೇಲೆ ಮೆಥಡೋನ್‌ನ ಪ್ರಭಾವ ಇರುವುದರಿಂದ, ಅದೇ ಬಗೆಯ ಪ್ರಭಾವವಿರುವ ಕ್ಲಾರಿಥ್ರೊಮೈಸಿನ್, ಸಿಟಾಲೊಪ್ರಾಮ್‌ನಂಥ ಔಷಧಗಳನ್ನು ಬರೆದು ಕಳಿಸಿದಾಗ ಫಾರ್ಮಸಿಸ್ಟ್ ನಿಂತು ಯೋಚಿಸಲೇಬೇಕು. ಹಂಚಿಕೊಂಡ ಸೂಜಿಗಳಿಂದ ಹರಡಿದ ಹೆಪಟೈಟಿಸ್ ಸಿ ಈಗ ಎಂಟರಿಂದ ಹನ್ನೆರಡು ವಾರದ ಮಾತ್ರೆಗಳಿಂದ ಬಹುಪಾಲು ಜನಕ್ಕೆ ಪೂರ್ತಿ ವಾಸಿಯಾಗುತ್ತದೆ. ಆದರೂ ಹಳಬರು ಒಪ್ಪುವುದಿಲ್ಲ, ಹಿಂದಿನ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡ ಗೆಳೆಯರು ಪಟ್ಟ ಪಾಡನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆ ಭಯವನ್ನು ಕರಪತ್ರ ಹೋಗಲಾಡಿಸುವುದಿಲ್ಲ. ಹೊಸ ಮಾತ್ರೆ ನುಂಗಿ ವಾಸಿಯಾದ ನೆರೆಯವರ ಒಂದು ಮಾತು ಹೋಗಲಾಡಿಸುತ್ತದೆ.

7. ಇಡೀ ಬೀದಿಯೇ ಸೂತಕದಲ್ಲಿದೆ.

ಇಲ್ಲಿನ ಬಕಿಂಗ್‌ಹ್ಯಾಮ್ ಸ್ಟ್ರೀಟಿನಲ್ಲಿ ಮಾದಕ ವಸ್ತುವಿಗೆ ಬಲಿಯಾದವರ ನೆನಪಿಗೆ ಒಂದು ಸ್ಮಾರಕವಿದೆ. ಅಣ್ಣ, ಗಂಡ, ಮಗಳು ಎಂದು ಒಂದೇ ಮನೆಯಿಂದ ಹಲವರನ್ನು ಕಳೆದುಕೊಂಡವರು, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ನಮ್ಮ ಗಿರಾಕಿಗಳು. ಪುಣ್ಯತಿಥಿ ಬರುವ ವಾರ ಸ್ಥಿರವಾಗಿದ್ದವರೂ ಅಲುಗಾಡುತ್ತಾರೆ. ಆ ದಿನಗಳನ್ನು ತಿಳಿದುಕೊಂಡು, ಆ ವಾರ ಎರಡು ನಿಮಿಷ ಹೆಚ್ಚು ಮಾತಾಡಬೇಕು.

8. ‘ಯಾವಾಗ ಬಿಡ್ತೀರಿ?’ ಎಂದು ಕೇಳಬೇಡಿ.

ಸಕ್ಕರೆ ಕಾಯಿಲೆಯವರನ್ನು ಇನ್ಸುಲಿನ್ ಯಾವಾಗ ಬಿಡ್ತೀರಿ ಎಂದು ಯಾರೂ ಕೇಳುವುದಿಲ್ಲ. ಚಿಕಿತ್ಸೆ ನಿಂತ ಮೊದಲ ತಿಂಗಳಲ್ಲಿ ಸಾವಿನ ಅಪಾಯ ತೀರಾ ಹೆಚ್ಚು. ಬಿಡಿಸುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು. ಅವರೇ ಬಯಸಿದರೆ, ಮನೆ, ನಿದ್ದೆ, ಜೊತೆಗಾರರು ಎಲ್ಲ ಸರಿಯಾಗಿರುವಾಗ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಇಳಿಸಬಹುದು. ಅದಕ್ಕೆ ಮುಂಚೆ ಮನೆಯವರೊಬ್ಬರು, ಡೋಸ್ ಮಿತಿಮೀರಿದಾಗ ಜೀವ ಉಳಿಸುವ ನಲಾಕ್ಸೋನ್ ಬಳಸುವ ತರಬೇತಿ ಪಡೆದಿದ್ದಾರೆಯೇ ಎಂದು ವಿಚಾರಿಸುತ್ತೇನೆ. ಇಳಿಸುವುದು ನಡುವೆ ಕಷ್ಟವಾದರೆ ಹಿಂದಿನ ಹಂತದ ಡೋಸಿಗೆ ಮರಳಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಎಂದೂ ಹೇಳಿರುತ್ತೇನೆ. ಪೂರ್ತಿ ನಿಲ್ಲಿಸಿದವರು ಮತ್ತೆ ಬೇಕೆಂದು ಬಂದರೆ, ಕಾಯುವ ಪಟ್ಟಿಯ ಕೊನೆಯಲ್ಲಿ ನಿಲ್ಲಿಸದೆ ಬೇಗ ಶುರುಮಾಡುವಂತೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿಟ್ಟಿರುತ್ತೇನೆ.