ಫೋಟೊ ಹಂಚುವ ಮುನ್ನ ದೂರು ಕೊಡಿ

ಅಕ್ಕಲಕೋಟದ ಸ್ವಾಮಿ ಸಮರ್ಥರ ಗುಡಿಯ ಗದ್ದಲದಲ್ಲಿ ಮಗು ಕೈತಪ್ಪಿದರೆ ಮೊದಲು ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಬೇಕೋ, ಠಾಣೆಗೆ ಓಡಬೇಕೋ ಎಂದು ಕೇಳಿದ್ದೀರಿ. ಠಾಣೆಗೇ, ತಾಯಿ, ಓಡುತ್ತಲೇ 112ಕ್ಕೋ 1098ಕ್ಕೋ ಫೋನ್ ಹಚ್ಚಿ, ರೈಲು ಹತ್ತಿರಬಹುದೆನಿಸಿದರೆ 139ಕ್ಕೂ. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮವೇ ಇಲ್ಲ. ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನೀವು ಕರ್ನಾಟಕದ ಇಂಡಿ, ಅಫಜಲಪುರಕ್ಕೆ ಮರಳಿ ದೂರು ಕೊಟ್ಟರೂ ಅಲ್ಲಿನ ಠಾಣೆ ‘ನಮ್ಮ ಹದ್ದಲ್ಲ’ ಎನ್ನುವಂತಿಲ್ಲ. ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಶೂನ್ಯ ಎಫ್‌ಐಆರ್ ಇರುವುದೇ ಅದಕ್ಕೆ. ಮುಖ ಗುರುತಿಸುವ ತಂತ್ರಾಂಶದ ಬಗ್ಗೆಯೂ ಕೇಳಿದ್ದೀರಿ. 2018ರಲ್ಲಿ ದೆಹಲಿ ಪೊಲೀಸರು ಅದರಿಂದ ಕೆಲವೇ ದಿನಗಳಲ್ಲಿ ಸುಮಾರು ಮೂರು ಸಾವಿರ ಮಕ್ಕಳ ಗುರುತು ಹಿಡಿದರು. ಆದರೆ ಯಂತ್ರ ಹೋಲಿಸುವುದು ದಾಖಲೆಗೆ ದಾಖಲೆಯನ್ನು: ಇತ್ತ ಕಾಣೆಯಾದವರ ಫೋಟೊ, ಅತ್ತ ಬಾಲಮಂದಿರದ ಮಕ್ಕಳ ಫೋಟೊ. ದೂರೇ ಇಲ್ಲದಿದ್ದರೆ ನಿಮ್ಮ ಮಗು ಅದರ ಲೆಕ್ಕಕ್ಕೇ ಬಾರದು.

ಪೊಲೀಸರಿಗಿಂತ ಜನರೇ ಚುರುಕು ಎನ್ನುತ್ತೀರಿ. ಒಪ್ಪಿದೆ, ಜನರ ಕಣ್ಣು ಬೇಕೇ ಬೇಕು; ಊಹೆ ಬೇಡ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಐವರನ್ನು ಹೊಡೆದು ಕೊಂದಿತು. ಅವರಲ್ಲಿ ಹೆಚ್ಚಿನವರು ಅಕ್ಕಲಕೋಟವಿರುವ ಇದೇ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯ ಅಲೆಮಾರಿಗಳು. ಆದ್ದರಿಂದ ಸಂದೇಶದಲ್ಲಿ ಇತ್ತೀಚಿನ ಫೋಟೊ, ಅಂಗಿಯ ಬಣ್ಣ, ಕಾಣೆಯಾದ ಜಾಗ, ದಿನಾಂಕ, ಹೊತ್ತು, ಠಾಣೆಯ ನಂಬರು, ಇಷ್ಟೇ ಇರಲಿ. ಕನ್ನಡ, ಮರಾಠಿ ಎರಡರಲ್ಲೂ ಬರೆಯಿರಿ. ‘ಯಾರೋ ಒಯ್ದರು’ ಎಂದು ಸೇರಿಸಬೇಡಿ. ಮಗು ಸಿಕ್ಕ ಕೂಡಲೇ ಅದೇ ಗುಂಪುಗಳಿಗೆ ತಿಳಿಸಿ, ಫೋಟೊ ಅಳಿಸಲು ಹೇಳಿ.