ಎಸ್‌ಎಂಪಿಎಸ್ ಡಬ್ಬಿಯ ಸಣ್ಣ ಅಕ್ಷರ

ನಮ್ಮಣ್ಣ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾರೆ. ಹೋದ ವರ್ಷ ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಂದರು. ಸುಮ್ಮನಿದ್ದಾಗ ಕಂಪ್ಯೂಟರ್ ಚೆನ್ನಾಗಿಯೇ ಇರುತ್ತಿತ್ತು. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಮಾತ್ರ ಸ್ವಲ್ಪ ಹೊತ್ತಿಗೆ ಟಪ್ ಎಂದು ಆಫ್. ಹುಡುಗಿ ಮನೆಯವರಿಂದ ದಿನಾ ಫೋನ್. ಕಾರ್ಡೇ ಹೋಗಿದೆ ಎಂದ ಅಂಗಡಿಯವನು ಅದನ್ನು ಅರ್ಧ ಬೆಲೆಗೆ ಕೇಳಿದ. ಭಾಯಿಜಾನ್ ಕೊಟ್ಟೇಬಿಡುತ್ತಿದ್ದರು.

"ಮನೇಲಿ ಕರೆಂಟ್ ಇದೆಯಲ್ಲಾ, ಮತ್ಯಾಕೆ ಆಫ್ ಆಗುತ್ತೆ?" ಎಂದರು ಅಮ್ಮಿ. ಕೇಳಬೇಕಾಗಿದ್ದ ಪ್ರಶ್ನೆಯೇ ಅದು.

ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, 12, 5 ಮತ್ತು 3.3 ವೋಲ್ಟ್ ಡಿಸಿಗೆ ಇಳಿಸುತ್ತದೆ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟ್ ಲೈನನ್ನೇ ನಂಬಿವೆ. ನಮ್ಮ ಡಬ್ಬಿಯ ಮೇಲೆ ದೊಡ್ಡದಾಗಿ 450 ಎಂದಿತ್ತು. ಪಕ್ಕದ ಲೇಬಲ್ಲಿನಲ್ಲಿ ಸಣ್ಣದಾಗಿ 12 ವೋಲ್ಟ್, 18 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್: 216. ಕಾರ್ಡಿಗೇ 170 ವ್ಯಾಟ್ ಬೇಕು, ನಮ್ಮ ಪ್ರೊಸೆಸರ್‌ಗೆ 65. ಅಲ್ಲಿಗೆ 235 ಆಯಿತು, ಫ್ಯಾನು, ಹಾರ್ಡ್‌ಡಿಸ್ಕ್ ಇನ್ನೂ ಸೇರಿಲ್ಲ. ಕಾಮರ್ಸ್‌ನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಒಟ್ಟು ಆಸ್ತಿ 450 ಇದ್ದರೂ ಕೈಯಲ್ಲಿರುವ ನಗದು 216, ಇವತ್ತೇ ಕಟ್ಟಬೇಕಾದ ಬಿಲ್ಲು 235.

ಈ ಕಾರ್ಡಿಗೆ 550 ವ್ಯಾಟ್ ಪವರ್ ಸಪ್ಲೈ ಇರಲಿ ಎಂದು ಎನ್‌ವಿಡಿಯಾ ಕಂಪನಿಯೇ ಹೇಳುತ್ತದೆ. ಅದು ದುಂದಲ್ಲ. ಕೆಲಸ ಜೋರಾದಾಗ ಕಾರ್ಡು ಕ್ಷಣಮಾತ್ರ 170ಕ್ಕಿಂತ ಹೆಚ್ಚು ಎಳೆಯುತ್ತದೆ. ನಾವು ಕೊನೆಗೆ ತಂದದ್ದರಲ್ಲಿ 12 ವೋಲ್ಟ್‌ಗೆ 45 ಆಂಪಿಯರ್ ಇದೆ, ಅಂದರೆ 540 ವ್ಯಾಟ್.

ಪಿನ್ನನ್ನೂ ನೋಡಿ. ಮದರ್‌ಬೋರ್ಡ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಎಂಟು ಪಿನ್ನಿನ ವೈರು 150. ಹಳೆಯದರಲ್ಲಿ ಆ ವೈರೇ ಇರಲಿಲ್ಲ, ಹಾರ್ಡ್‌ಡಿಸ್ಕಿನ ವೈರಿಗೆ ಕನ್ವರ್ಟರ್ ಸಿಕ್ಕಿಸಿದ್ದರು. ಆಗಲೇ ನಮಗೆ ಅನುಮಾನ ಬರಬೇಕಿತ್ತು.

'80 ಪ್ಲಸ್' ಗುರುತಿನ ಬಗ್ಗೆ ನನ್ನ ಗೆಳೆಯರಿಗೆಲ್ಲ ಒಂದು ತಪ್ಪು ಕಲ್ಪನೆಯಿದೆ: 500 ವ್ಯಾಟಿನದು 400 ಮಾತ್ರ ಕೊಡುತ್ತದೆ ಎಂದು. ಹಾಗಲ್ಲ. ಕಂಪ್ಯೂಟರ್‌ಗೆ 240 ವ್ಯಾಟ್ ಬೇಕಾದಾಗ ದಕ್ಷತೆ ಶೇ. 80 ಇದ್ದರೆ ಗೋಡೆಯಿಂದ 300 ಎಳೆಯುತ್ತದೆ. ಮಿಕ್ಕ 60 ಬಿಸಿಯಾಗಿ ಹೋಗುತ್ತದೆ. ನಷ್ಟ ಬೀಳುವುದು ಕರೆಂಟ್ ಬಿಲ್ಲಿನ ಮೇಲೆ.

ಹೊಸದನ್ನು ಹಾಕಿದ ರಾತ್ರಿಯೇ ಎಕ್ಸ್‌ಪೋರ್ಟ್ ಮುಗಿಯಿತು, ಅದೇ ಕಾರ್ಡಿನಲ್ಲಿ. ಹಳೆಯ ಡಬ್ಬಿ ಮೇಜಿನ ಕೆಳಗಿದೆ. ಅಂಥದ್ದನ್ನು ಕುತೂಹಲಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.