ಟೈಟಾನಿಯಂ ಎಂಜಿನ್‌ನಲ್ಲಿ ಎಲ್ಲಿಯವರೆಗೆ? – ಮಿಶ್ರಲೋಹಗಳ ಒಂದು ಪಾಠ

ತರಗತಿ: 10. ಘಟಕ: ಲೋಹಗಳು ಮತ್ತು ಅಲೋಹಗಳು. ಅವಧಿ: 40 ನಿಮಿಷ.

ಈ ಪಾಠ ಏಕೆ?

ಮಿಶ್ರಲೋಹ ಎಂದೊಡನೆ ಹಿತ್ತಾಳೆ, ಕಂಚು, ಕಲೆರಹಿತ ಉಕ್ಕು ಎಂದು ಹೇಳಿಸಿ, ಅವುಗಳಲ್ಲಿ ಏನೇನಿದೆ ಎಂಬುದನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇವೆ. ಇಂಥ ಕೆಲಸಕ್ಕೆ ಇಂಥ ಲೋಹವನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ದೂರದ ಪ್ರಶ್ನೆಯಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿರುವ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಉಗಾರ ಬುದ್ರುಕದ ಶಾಲೆಯಿಂದ ಐಟಿಐಗೆ ಹೋಗುವ ವಿದ್ಯಾರ್ಥಿ ನಾಳೆ ಅಂಥ ಕಡೆ ಯಂತ್ರದ ಮುಂದೆ ನಿಲ್ಲಬಹುದು.

ಪೂರ್ವಜ್ಞಾನ

ಸಾಂದ್ರತೆ, ದ್ರವನಬಿಂದು, ಮಿಶ್ರಲೋಹದ ಅರ್ಥ.

ಹಂತ 1: ಲೆಕ್ಕ

ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಯಿರಿ. ಮೊದಲ ಸಂಖ್ಯೆ ಎಳೆತ ತಾಳುವ ಶಕ್ತಿ (ಮೆಗಾಪಾಸ್ಕಲ್), ಎರಡನೆಯದು ಸಾಂದ್ರತೆ (ಗ್ರಾಂ/ಘನ ಸೆಂ.ಮೀ.). ಎಲ್ಲವೂ ಸ್ಥೂಲ ಬೆಲೆಗಳು.

ಸಾದಾ ಉಕ್ಕು: 400, 7.8
ಅಲ್ಯೂಮಿನಿಯಂ ಮಿಶ್ರಲೋಹ 7075: 570, 2.8
ಟೈಟಾನಿಯಂ ಮಿಶ್ರಲೋಹ (ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ): 900, 4.4

ಮಕ್ಕಳು ಭಾಗಿಸಲಿ. ಉಕ್ಕಿಗೆ ಸುಮಾರು 51, ಉಳಿದೆರಡಕ್ಕೂ ಸುಮಾರು 204 ಬರುತ್ತದೆ. ಹಾಗಾದರೆ ಅಗ್ಗದ ಅಲ್ಯೂಮಿನಿಯಂ ಇರುವಾಗ ದುಬಾರಿ ಟೈಟಾನಿಯಂ ಏಕೆ? ಉತ್ತರ ಹೇಳದೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಪ್ರಯೋಗ

ಮೇಣದಬತ್ತಿಯನ್ನು 40–45 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಕೆಲವು ನಿಮಿಷ ಇಡಿ. ಹೊರತೆಗೆದು ಒಂದು ತುದಿಯಲ್ಲಿ ಹಿಡಿದು ಬಾಗಿಸಿ ನೋಡಲಿ. ಮೇಣ ಕರಗಿಲ್ಲ, ಆದರೆ ಬಾಗುತ್ತದೆ. ಕಂಬಾರನ ಕುಲುಮೆಯನ್ನು ನೆನಪಿಸಿ. ಕಬ್ಬು ಕಡಿಯುವ ಕೊಯ್ತಾ ಕೆಂಪಗೆ ಕಾಯುತ್ತದೆ, ಏಟಿಗೆ ಬಾಗುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಕರಗುವುದಕ್ಕೆ ಬಹಳ ಮೊದಲೇ ಲೋಹ ತನ್ನ ಬಲ ಕಳೆದುಕೊಳ್ಳುತ್ತದೆ ಎಂಬುದನ್ನು ಮಕ್ಕಳ ಮಾತಿನಲ್ಲೇ ಹೇಳಿಸಿ.

ಹಂತ 3: ವಿವರಣೆ

ಸಾಮಾನ್ಯ ಅಲ್ಯೂಮಿನಿಯಂ ಮಿಶ್ರಲೋಹಗಳು ಸುಮಾರು 150 ಡಿಗ್ರಿ ದಾಟಿದರೆ ಬೇಗ ದುರ್ಬಲವಾಗುತ್ತವೆ. ಮೇಲಿನ ಟೈಟಾನಿಯಂ ಮಿಶ್ರಲೋಹ 350–400 ಡಿಗ್ರಿಯವರೆಗೆ, ವಿಶೇಷ ಬಗೆಗಳು ಸುಮಾರು 600 ಡಿಗ್ರಿಯವರೆಗೆ ಕೆಲಸ ಮಾಡುತ್ತವೆ. ಎಂಜಿನ್‌ನ ಮುಂಭಾಗದ ಫ್ಯಾನ್ ಮತ್ತು ಗಾಳಿಯನ್ನು ಒತ್ತುವ ಕಂಪ್ರೆಸರ್‌ನಲ್ಲಿ ಟೈಟಾನಿಯಂ ಇರುವುದು ಇದಕ್ಕೇ.

ಈಗ ಎರಡನೆಯ ಪ್ರಶ್ನೆ ಕೇಳಿ: ಟೈಟಾನಿಯಂ 1668 ಡಿಗ್ರಿಯಲ್ಲಿ, ನಿಕ್ಕಲ್ 1455 ಡಿಗ್ರಿಯಲ್ಲಿ ಕರಗುತ್ತದೆ. ಉರಿಯುವ ಅನಿಲ ಬಡಿಯುವ ಟರ್ಬೈನ್‌ಗೆ ಯಾವುದು? ಬಹುತೇಕ ಕೈಗಳು ಟೈಟಾನಿಯಂಗೆ ಏಳುತ್ತವೆ. ಆದರೆ ಅಲ್ಲಿರುವುದು ನಿಕ್ಕಲ್ ಮಿಶ್ರಲೋಹ. ಹೆಚ್ಚಿನ ತಾಪದಲ್ಲಿ ಟೈಟಾನಿಯಂ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ, ಒತ್ತಡದಲ್ಲಿ ನಿಧಾನವಾಗಿ ಹಿಗ್ಗುತ್ತದೆ; ಉಜ್ಜಾಟವಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಉಂಟು. ನಿಕ್ಕಲ್ ಮಿಶ್ರಲೋಹವು ತನ್ನ ದ್ರವನಬಿಂದುವಿನ ಹತ್ತಿರದವರೆಗೂ ಬಲ ಉಳಿಸಿಕೊಳ್ಳುತ್ತದೆ. ಅಲಗುಗಳೊಳಗಿನ ರಂಧ್ರಗಳಲ್ಲಿ ಗಾಳಿ ಹರಿಸಿ ಅವನ್ನು ತಂಪಾಗಿಡುತ್ತಾರೆ.

ಹಂತ 4: ವಿಸ್ತರಣೆ

ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೂರ್ ಎಂಜಿನ್‌ಗೆ ಬೇಕಾದ ಕಂಪ್ರೆಸರ್ ಡಿಸ್ಕ್‌ಗಳನ್ನು ಟೈಟಾನಿಯಂ ಮಿಶ್ರಲೋಹದಲ್ಲಿ ಒತ್ತಿ ರೂಪಿಸುವ ತಂತ್ರವನ್ನು ಡಿಆರ್‌ಡಿಓದ ಹೈದರಾಬಾದ್ ಪ್ರಯೋಗಾಲಯ ಸಾಧಿಸಿತೆಂದು 2021ರಲ್ಲಿ ಪ್ರಕಟವಾಯಿತು. 2000 ಟನ್ ಒತ್ತುಯಂತ್ರದಲ್ಲಿ ತಯಾರಾದ ಅಂಥ 200 ಡಿಸ್ಕ್ ಫೋರ್ಜಿಂಗ್‌ಗಳು ಬೆಂಗಳೂರಿನ ಎಚ್‌ಎಎಲ್‌ಗೆ ಸಂದವು. ಕತ್ತರಿಸುವುದೂ ಸುಲಭವಲ್ಲ. ಟೈಟಾನಿಯಂ ಶಾಖವನ್ನು ಬೇಗ ಸಾಗಿಸುವುದಿಲ್ಲ; ಕಾವು ಉಳಿಯ ತುದಿಯಲ್ಲೇ ನಿಂತು ಉಳಿ ಸವೆಯುತ್ತದೆ. ಆದ್ದರಿಂದ ನಿಧಾನ ವೇಗ, ಧಾರಾಳ ತಂಪುದ್ರವ ಬೇಕು. ಶಾಖವಾಹಕತೆಯ ಪಾಠ ಇಲ್ಲಿ ಕೈಕಸುಬಾಗುತ್ತದೆ.

ಮೌಲ್ಯಮಾಪನ

1. ಅಲ್ಯೂಮಿನಿಯಂ, ಟೈಟಾನಿಯಂ, ನಿಕ್ಕಲ್ ಮಿಶ್ರಲೋಹಗಳನ್ನು ರೆಕ್ಕೆಯ ಹೊದಿಕೆ, ಕಂಪ್ರೆಸರ್, ಟರ್ಬೈನ್‌ಗಳಿಗೆ ಹೊಂದಿಸಿ, ಪ್ರತಿಯೊಂದಕ್ಕೂ ಕಾರಣ ಬರೆಯಿರಿ.
2. ‘ದ್ರವನಬಿಂದು ಹೆಚ್ಚಿದ್ದರೆ ಲೋಹ ಹೆಚ್ಚು ಬಿಸಿಯಲ್ಲಿ ಕೆಲಸಕ್ಕೆ ಬರುತ್ತದೆ.’ ಈ ಮಾತನ್ನು ಪರಿಶೀಲಿಸಿ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮೇಣ ಲೋಹವಲ್ಲ, ಅದು ಬರಿ ಹೋಲಿಕೆ ಎಂದು ಸ್ಪಷ್ಟಪಡಿಸಿ. ‘ಟೈಟಾನಿಯಂ ಅತ್ಯಂತ ಹಗುರ, ಅತ್ಯಂತ ಗಟ್ಟಿ’ ಎಂಬ ಮಾತು ಬಂದರೆ ಹಂತ 1ರ ಸಂಖ್ಯೆಗಳನ್ನೇ ತೋರಿಸಿ: ಅಲ್ಯೂಮಿನಿಯಂ ಅದಕ್ಕಿಂತ ಹಗುರ. ಮೊದಲ ಪ್ರಶ್ನೆಗೆ ಹೊಂದಿಕೆ ಸರಿಯಿದ್ದು ಕಾರಣ ಇಲ್ಲದಿದ್ದರೆ ಪೂರ್ಣ ಅಂಕ ಕೊಡಬೇಡಿ. ಈ ಪಾಠದ ಫಲ ಕಾರಣದಲ್ಲಿದೆ.